ಆಯಿಗೆ ತಿಳಿದ ಚಂದ್ರನ ದಾರಿ

ನಾನು ಓದುತ್ತಿರುವುದು ಗಗನನೌಕೆಗಳ ಪಥ ವಿನ್ಯಾಸ. ನೌಕೆ ಯಾವ ದಾರಿ ಹಿಡಿದರೆ ಕಡಿಮೆ ಇಂಧನದಲ್ಲಿ ಚಂದ್ರನನ್ನೋ ಮಂಗಳನನ್ನೋ ಮುಟ್ಟುತ್ತದೆ ಎಂಬ ಲೆಕ್ಕಾಚಾರ. ಧಾರವಾಡದಲ್ಲಿರುವ ನಮ್ಮ ಆಯಿ, ಅಂದರೆ ಅಜ್ಜಿ, "ಏನ್ ಓದಾಕತ್ತೀಯೋ ತಮ್ಮಾ?" ಅಂತ ಕೇಳಿದಾಗಲೆಲ್ಲ ನನ್ನದು ಒಂದೇ ಉತ್ತರ: "ಅದು ನಿನಗ ತಿಳಿಯಂಗಿಲ್ಲ ಬಿಡು."

2023ರ ಆಗಸ್ಟ್‌ನಲ್ಲಿ ಪ್ಲೇನ್‌ಫೀಲ್ಡ್‌ನ ಚಿಕ್ಕಪ್ಪನ ಮನೆಯಲ್ಲಿದ್ದೆ. 21ಕ್ಕೆ ನಾಗರ ಪಂಚಮಿ, 23ಕ್ಕೆ ಚಂದ್ರಯಾನ-3 ಇಳಿಯಬೇಕಿತ್ತು. ಹಬ್ಬದ ದಿನ ಫೋನ್ ಮಾಡಿದರೆ ಆಯಿ ಕೇಳಿದಳು: "ಅಮೆರಿಕಾದವರು ನಾಕ ದಿನದಾಗ ಹೋಗಿ ಇಳದಿದ್ರಂತ. ನಮ್ಮವರಿಗೆ ಯಾಕ ನಲವತ್ತು ದಿನ?"

ಈ ಸಲ ತಪ್ಪಿಸಿಕೊಳ್ಳಲಿಲ್ಲ. 1969ರಲ್ಲಿ ಅಪೊಲೊ 11ಕ್ಕೆ ಸ್ಯಾಟರ್ನ್ 5 ಎಂಬ ದೈತ್ಯ ರಾಕೆಟ್ ಇತ್ತು, ನೇರ ಚಂದ್ರನ ದಾರಿಗೆ ದೂಡಿತು. ನಮ್ಮ ಎಲ್‌ವಿಎಂ-3ಕ್ಕೆ ಅಷ್ಟು ಬಲವಿಲ್ಲ. ಜುಲೈ 14ರಂದು ಅದು ನೌಕೆಯನ್ನು ಭೂಮಿಯ ಸುತ್ತ ಮೊಟ್ಟೆಯಾಕಾರದ ಕಕ್ಷೆಗೆ ಬಿಟ್ಟಿತು. ದೂರದ ತುದಿ ಸುಮಾರು 36,500 ಕಿ.ಮೀ. ಆಮೇಲೆ ನೌಕೆ ಭೂಮಿಗೆ ಹತ್ತಿರ ಬಂದಾಗ ಬೆಂಗಳೂರಿನ ಇಸ್ಟ್ರಾಕ್ ಕೇಂದ್ರದಿಂದ ಆದೇಶ ಹೋಗುತ್ತಿತ್ತು, ಎಂಜಿನ್ ಸ್ವಲ್ಪ ಹೊತ್ತು ಉರಿಯುತ್ತಿತ್ತು. ಹೀಗೆ ಹಲವು ಸಲ. ಜುಲೈ 25ರ ಹೊತ್ತಿಗೆ ಆ ತುದಿ 1,27,000 ಕಿ.ಮೀ. ದಾಟಿತ್ತು. ಆಗಸ್ಟ್ 1ರಂದು ಇನ್ನೊಂದು ತಳ್ಳು, ಚಂದ್ರನ ಕಡೆಗೆ.

ಹೇಳಲು ಹೊರಟರೆ 'ಪೆರಿಜೀ', 'ಅಪೋಜೀ' ಅಂತ ನಾಲಿಗೆ ತಡವರಿಸಿತು. ಕೊನೆಗೆ, "ಹತ್ರ ಬಂದಾಗ ವೇಗ ಜಾಸ್ತಿ ಇರ್ತದ. ಆಗ ತಳ್ಳಿದ್ರ ಆ ಕಡೆ ಇನ್ನೂ ದೂರ ಹೋಗ್ತದ" ಅಂದೆ.

"ಅಂದ್ರ ಪಂಚಮಿ ಜೋಕಾಲಿ ಜೀಕಿದಂಗ ಅನ್ನು!"

ಹೋಲಿಕೆ ಪೂರ್ತಿ ಸರಿಯಲ್ಲ, ಆದರೆ ತಿರುಳು ಅದೇ. ಜೋಕಾಲಿಗೂ ಕೆಳಗೆ ಬಂದಾಗಲೇ ವೇಗ ಹೆಚ್ಚು. ವೇಗ ಹೆಚ್ಚಿರುವಾಗ ಕೊಟ್ಟ ತಳ್ಳಿಗೇ ಫಲ ಹೆಚ್ಚು. ಇಷ್ಟು ವರ್ಷ ಸಮೀಕರಣ ಬಿಡಿಸಿದ ನನಗೆ ಇದು ಹೊಳೆದಿರಲಿಲ್ಲ.

ಕನ್ನಡದಲ್ಲಿ ವಿಜ್ಞಾನ ಹೇಳೋಕೆ ಪದಗಳಿಲ್ಲ ಅಂತ ನಾವೆಲ್ಲ ಹೇಳ್ತೀವಿ. ಅದು ನೆಪ ಅನ್ನೋದು ನನ್ನ ಅಭಿಪ್ರಾಯ. ರಾಕೆಟ್, ಎಂಜಿನ್ ಅಂದರೆ ಯಾರಿಗೂ ತೊಂದರೆಯಿಲ್ಲ. ತೊಂದರೆ ಇರೋದು "ನಿನಗೆ ತಿಳಿಯಲ್ಲ" ಅನ್ನೋ ಮಾತಿನಲ್ಲಿ. ನಮ್ಮನ್ನು ಇಷ್ಟು ದೂರ ಕಳಿಸಿದ ಮನೆಯವರಿಗೆ ನಾವೇನು ಮಾಡ್ತಿದೀವಿ ಅಂತಲೇ ಗೊತ್ತಿಲ್ಲ. ನಮಗೆಷ್ಟು ತಿಳಿದಿದೆ ಅನ್ನೋದೂ ಪರೀಕ್ಷೆಗೆ ಬರೋದಿಲ್ಲ.

ಈ ಭಾನುವಾರ ಮನೆಗೆ ಫೋನ್ ಮಾಡಿದಾಗ ಊಟ ಆಯ್ತಾ ಅಂತ ಕೇಳಿದ ಮೇಲೆ, ನಿಮ್ಮ ವಿಷಯವನ್ನು ಐದು ನಿಮಿಷ ಕನ್ನಡದಲ್ಲಿ ಹೇಳಿ ನೋಡಿ. ಅದನ್ನೇ ಒಂದು ಪುಟ ಬರೆದರೆ ಮುಂದಿನ ವರ್ಷದ ಸಂಚಿಕೆಗೂ ಆಯ್ತು.