ತೆರೆಮರೆಯ ಮೂರನೆಯವನು

ಕಳೆದ ವಾರ ನನ್ನ ಅಣ್ಣನ ಮಗ ವಾಟ್ಸ್ಆ್ಯಪ್‌ನಲ್ಲಿ ಒಂದು ವಿಡಿಯೋ ಕಳುಹಿಸಿದ. ಪ್ರೇಕ್ಷಕರಲ್ಲೊಬ್ಬರು ಮನಸ್ಸಿನಲ್ಲಿ ನೆನೆದ ಪದವನ್ನು ಜಾದೂಗಾರನೊಬ್ಬ ಹೇಳಿಬಿಡುತ್ತಾನೆ. ಎದುರು ಕುಳಿತ ಇಬ್ಬರು ಹೆಸರಾಂತ ಜಾದೂಗಾರರು ಸೋಲೊಪ್ಪಿಕೊಳ್ಳುತ್ತಾರೆ. ಕೆಳಗೆ ಅವನ ಒಕ್ಕಣೆ: "ಚಿಕ್ಕಪ್ಪ, ಅಂಥ ಘಟಾನುಘಟಿಗಳಿಗೇ ತಿಳಿಯಲಿಲ್ಲ ನೋಡಿ. ಮನಶ್ಶಕ್ತಿ ಇಲ್ಲ ಅಂತೀರಲ್ಲ?" ಇದೇ ವಿಡಿಯೋವನ್ನು ನನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳೂ ಕಳುಹಿಸಿದ್ದಾರೆ. (ಇಬ್ಬರೂ ವಿಜ್ಞಾನದಲ್ಲಿ ತೊಂಬತ್ತರ ಮೇಲೆ ಅಂಕ ಪಡೆದವರು. ನೋವಿನಿಂದಲೇ ಬರೆಯುತ್ತಿದ್ದೇನೆ.) ಆದ್ದರಿಂದ ಎಲ್ಲರಿಗೂ ಸೇರಿಸಿ ಇಲ್ಲಿಯೇ ಉತ್ತರಿಸುತ್ತೇನೆ.

ಆ ಕಾರ್ಯಕ್ರಮದ ಹೆಸರು 'ಪೆನ್ ಅಂಡ್ ಟೆಲ್ಲರ್: ಫೂಲ್ ಅಸ್'. 'ಸಾಧ್ಯವಾದರೆ ನಮ್ಮನ್ನು ಮರುಳುಗೊಳಿಸಿ' ಎಂಬುದು ಅದರ ಭಾವ. 2011ರಲ್ಲಿ ಬ್ರಿಟನ್ನಿನ ಐಟಿವಿಯಲ್ಲಿ ಆರಂಭವಾಗಿ, ಅನಂತರ ಅಮೆರಿಕದ ಸಿಡಬ್ಲ್ಯು ವಾಹಿನಿಗೆ ಹೋಯಿತು. ಪೆನ್ ಜಿಲೆಟ್ ವಾಚಾಳಿ. ಟೆಲ್ಲರ್ ರಂಗದ ಮೇಲೆ ತುಟಿ ಬಿಚ್ಚುವುದಿಲ್ಲ. ಸ್ಪರ್ಧಿ ತನ್ನ ಜಾದೂವನ್ನು ಅವರ ಮುಂದೆ ಒಮ್ಮೆ ಮಾಡಿ ತೋರಿಸುತ್ತಾನೆ. ಅದರ ಗುಟ್ಟನ್ನು ಅವರು ಹೇಳಲಾರದೆ ಹೋದರೆ ಅವನಿಗೊಂದು ಟ್ರೋಫಿ, ಮೇಲೆ ಲಾಸ್ ವೇಗಸ್‌ನಲ್ಲಿ ಅವರ ಪ್ರದರ್ಶನದಲ್ಲೇ ವೇದಿಕೆಯೇರುವ ಅವಕಾಶ.

ಇಲ್ಲಿ ನೀವು ಕೇಳಬೇಕಾಗಿದ್ದ ಪ್ರಶ್ನೆಯೊಂದಿದೆ. ಅವರ ಊಹೆ ಸರಿಯೋ ತಪ್ಪೋ ಎಂದು ತೀರ್ಮಾನಿಸುವವರು ಯಾರು? ಸ್ಪರ್ಧಿಯೇ ತೀರ್ಮಾನಿಸುವುದಾದರೆ, ಟ್ರೋಫಿಯ ಆಸೆಗೆ "ಅಲ್ಲ" ಎಂದುಬಿಡಬಹುದು. ಗುಟ್ಟನ್ನು ಬಹಿರಂಗವಾಗಿ ಚರ್ಚಿಸಿದರೆ ಆ ಬಡಪಾಯಿಯ ಅನ್ನಕ್ಕೇ ಕಲ್ಲು ಬೀಳುತ್ತದೆ. ಆದ್ದರಿಂದ ಕ್ಯಾಮೆರಾದ ಕಣ್ಣಿಗೆ ಬೀಳದ ಮೂರನೆಯವನೊಬ್ಬನಿದ್ದಾನೆ. ಅನುಭವಿ ಜಾದೂಗಾರರೇ ಆದ ಸಲಹೆಗಾರರಿಗೆ ಸ್ಪರ್ಧಿ ತನ್ನ ತಂತ್ರವನ್ನು ಮುಂಚಿತವಾಗಿಯೇ ತಿಳಿಸಿರುತ್ತಾನೆ. 2019ರಲ್ಲಿ ತೀರಿಕೊಂಡ ಜಾನಿ ಥಾಂಪ್ಸನ್ ಹಾಗೂ ಮೈಕೇಲ್ ಕ್ಲೋಸ್ ಈ ಕೆಲಸ ಮಾಡಿದವರು. ಪೆನ್ ಮತ್ತು ಟೆಲ್ಲರ್‌ಗೆ ಮಾತ್ರ ಏನೂ ಗೊತ್ತಿರುವುದಿಲ್ಲ. ವಿವಾದ ಬಂದಾಗ ನ್ಯಾಯ ಹೇಳುವವರು ಈ ಸಲಹೆಗಾರರು. ಇನ್ನು ಪೆನ್ ತೀರ್ಪು ಹೇಳುವ ರೀತಿಯೂ ಸೊಗಸು: ವೃತ್ತಿಯ ಪರಿಭಾಷೆ, ಹಿಂದಿನ ಉಸ್ತಾದರ ಹೆಸರು, ಅಡ್ಡಮಾತು ಎಲ್ಲವನ್ನೂ ಬೆರೆಸಿ ನುಡಿಯುತ್ತಾರೆ. ನಮಗೆ ಅದು ಹಾಸ್ಯ. ಸ್ಪರ್ಧಿಗೆ ಮಾತ್ರ ತಾನು ಸಿಕ್ಕಿಬಿದ್ದೆನೆಂದು ಅರ್ಥವಾಗಿರುತ್ತದೆ.

ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಹೋದ ಯಾವ ಮೇಷ್ಟರಿಗೂ ಇದು ಹೊಸದಲ್ಲ. ಕೀ ಉತ್ತರ ಮೊದಲೇ ಸಿದ್ಧವಿರುತ್ತದೆ. ರೇಖಾಗಣಿತದ ಪ್ರಮೇಯವೊಂದನ್ನು ವಿದ್ಯಾರ್ಥಿ ಸಾಧಿಸಲಾರದೆ ಹೋದರೆ, ಪ್ರಮೇಯಕ್ಕೆ ಸಾಧನೆಯೇ ಇಲ್ಲವೆಂದು ನಾವು ಷರಾ ಬರೆಯುತ್ತೇವೆಯೇ? ಆ ವಿಡಿಯೋದಲ್ಲಿ ಇಬ್ಬರು ಸೋತರು ಎಂಬುದಕ್ಕೆ ಇರುವ ಅರ್ಥ ಇಷ್ಟೇ: ಒಂದೇ ಜಾಗದಲ್ಲಿ ಕುಳಿತು, ಒಂದೇ ಸಲ ನೋಡಿ ಅವರಿಗೆ ಹೇಳಲಾಗಲಿಲ್ಲ. ಗೆದ್ದವನೋ, ತನ್ನ ತಂತ್ರವನ್ನು ಮೊದಲೇ ಒಪ್ಪಿಸಿ ಬಂದವನು! ನಿಜವಾದ ಮನಶ್ಶಕ್ತಿಯುಳ್ಳವನೊಬ್ಬ ಅಲ್ಲಿಗೆ ಹೋದರೆ ಸಲಹೆಗಾರರಿಗೆ ಏನೆಂದು ತಿಳಿಸಿಯಾನು?

"ಟಿವಿಯಲ್ಲಿ ಬರುವುದೆಲ್ಲ ನಾಟಕವೇ ಬಿಡಿ ಸಾರ್" ಎನ್ನುವವರಿಗೆ ನನ್ನ ಒಪ್ಪಿಗೆಯಿಲ್ಲ. ಕತ್ತರಿ ಆಡಿಸುತ್ತಾರೆ, ನಿಜ. ಆದರೆ ತಾವು ಮಾಡುತ್ತಿರುವುದು ಮೋಸವೆಂದು ಹೇಳಿಯೇ ಮೋಸ ಮಾಡುವ ಈ ಮಂದಿಯಷ್ಟು ಪ್ರಾಮಾಣಿಕರು ದೂರದರ್ಶನದಲ್ಲಿ ವಿರಳ.

ಹಾಗೆ ಹೇಳದವನ ಗತಿಯೇನಾಗುತ್ತದೆಂಬುದಕ್ಕೂ ಉದಾಹರಣೆಯಿದೆ. ದೃಷ್ಟಿಮಾತ್ರದಿಂದ, ಮನೋಬಲದಿಂದ ಚಮಚ ಬಗ್ಗಿಸುವೆನೆನ್ನುತ್ತಿದ್ದ ಯೂರಿ ಗೆಲ್ಲರ್ 1973ರಲ್ಲಿ ಜಾನಿ ಕಾರ್ಸನ್ ಅವರ 'ದಿ ಟುನೈಟ್ ಷೋ'ಗೆ ಬಂದ. ಕಾರ್ಸನ್ ತಾರುಣ್ಯದಲ್ಲಿ ತಾವೇ ಜಾದೂ ಮಾಡುತ್ತಿದ್ದವರು. ಜಾದೂಗಾರ ಜೇಮ್ಸ್ ರಾಂಡಿಯ ಸಲಹೆ ಪಡೆದು, ಸಾಮಗ್ರಿಯನ್ನೆಲ್ಲ ಕಾರ್ಯಕ್ರಮದವರೇ ಒದಗಿಸಿದರು. ಗೆಲ್ಲರ್‌ನ ಕಡೆಯವರು ಮೊದಲೇ ಅದರ ಬಳಿ ಸುಳಿಯದಂತೆ ನೋಡಿಕೊಂಡರು. ಇಪ್ಪತ್ತು ನಿಮಿಷ ಕಳೆದರೂ ಏನೂ ನಡೆಯಲಿಲ್ಲ. ಇಂದು ಶಕ್ತಿ ಕೂಡಿಬರುತ್ತಿಲ್ಲವೆಂದ ಗೆಲ್ಲರ್. ಅಷ್ಟಾದರೂ ಅವನ ಖ್ಯಾತಿ ಕುಗ್ಗಲಿಲ್ಲ. ಜಾದೂವಾಗಿದ್ದರೆ ಪ್ರತಿಸಲವೂ ಫಲಿಸಬೇಕಿತ್ತಲ್ಲ, ಆದ್ದರಿಂದ ಇದು ದಿಟವಾದ ಶಕ್ತಿಯೇ ಇರಬೇಕೆಂದು ನಂಬಿದವರೂ ಇದ್ದರಂತೆ.

ಇಷ್ಟು ಕೋಪ ಏಕೆಂದು ಕೇಳಬಹುದು. ಕಾರಣ ಆ ವಿಡಿಯೋ ಅಲ್ಲ. ನನ್ನ ಅಣ್ಣನ ಮಗ ತನ್ನ ಒಂಬತ್ತು ವರ್ಷದ ಮಗಳನ್ನು ಕಳೆದ ಬೇಸಿಗೆಯಲ್ಲಿ 'ಮಿಡ್‌ಬ್ರೈನ್ ಆಕ್ಟಿವೇಷನ್' ತರಗತಿಗೆ ಸೇರಿಸಿದ್ದ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓದುವ ವಿದ್ಯೆಯಂತೆ! ಮಧ್ಯಮಿದುಳು ನಿದ್ರಿಸುತ್ತಿದ್ದರೆ ಮಗು ಎಚ್ಚರವಾಗಿಯೇ ಇರುತ್ತಿರಲಿಲ್ಲ. ಅದನ್ನು ಎಬ್ಬಿಸಲು ಸಾವಿರಾರು ರೂಪಾಯಿ ಶುಲ್ಕ. ಸಮಾರೋಪಕ್ಕೆ ನಾನೂ ಹೋಗಿದ್ದೆ. ಕಲ್ಯಾಣ ಮಂಟಪದ ತುಂಬ ಚಪ್ಪಾಳೆ. ಅಲ್ಲಿ ಆ ಮೂರನೆಯವನು ಮಾತ್ರ ಇರಲಿಲ್ಲ. ಬಟ್ಟೆಯನ್ನು ಕಟ್ಟಿದವರೂ ಅವರೇ, ತೀರ್ಪು ಕೊಟ್ಟವರೂ ಅವರೇ. ಮೂಗಿನ ಇಕ್ಕೆಲದಲ್ಲಿ ಉಳಿಯುವ ಸಂದಿಯಿಂದ ಮಕ್ಕಳು ಇಣುಕುತ್ತಾರೆಂಬುದನ್ನು ಮಂಗಳೂರಿನ ನರೇಂದ್ರ ನಾಯಕರಂಥವರು ಎಷ್ಟೋ ಸಲ ತೋರಿಸಿಕೊಟ್ಟಿದ್ದಾರೆ.

ದಸರಾ ರಜೆಗೆ ಬಂದಾಗ ಮಗು ನನ್ನ ಮುಂದೆಯೂ ಓದಿ ತೋರಿಸಿತು. ನಾನು ಏನೂ ಹೇಳದೆ ಅವಳ ಮೂಗಿನ ಕೆಳಗೆ ಒಂದು ರಟ್ಟನ್ನು ಅಡ್ಡ ಹಿಡಿದೆ. ಓದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಬಟ್ಟೆಯನ್ನು ಬಿಚ್ಚದೆಯೇ, "ತಾತ, ಅಪ್ಪನಿಗೆ ಹೇಳಬೇಡಿ. ದುಡ್ಡು ಕಟ್ಟಿದ್ದಾರೆ" ಎಂದಳು.

ಇಷ್ಟು ದಿನ ಹೇಳಿರಲಿಲ್ಲ. ಈಗ ತಮ್ಮನನ್ನೂ ಅದೇ ತರಗತಿಗೆ ಸೇರಿಸುತ್ತಾರೆಂದು ಅವಳೇ ಫೋನು ಮಾಡಿದಳು. ಅವಳ ಒಪ್ಪಿಗೆ ಪಡೆದೇ ಬರೆದಿದ್ದೇನೆ. ನಮ್ಮ ಬಳಗದಲ್ಲಿ ಇನ್ನೆರಡು ಮನೆಯವರೂ ಹೆಸರು ಕೊಟ್ಟಿದ್ದಾರಾದ್ದರಿಂದ ಇಲ್ಲಿಯೇ ಬರೆಯಬೇಕಾಯಿತು.

ಮಗೂ, ಶುಲ್ಕ ಕಟ್ಟುವ ಮುನ್ನ ಈ ಭಾನುವಾರ ಮನೆಗೆ ಬಾ. ಆ ತರಗತಿಯವರನ್ನೂ ಕರೆದುಕೊಂಡು ಬಾ, ಊಟ ಇಲ್ಲಿಯೇ. ಬಟ್ಟೆಯನ್ನು ಅವರೇ ಕಟ್ಟಲಿ, ಪುಸ್ತಕವನ್ನು ನೀನು ಆರಿಸು, ರಟ್ಟನ್ನು ನಾನು ಹಿಡಿಯುತ್ತೇನೆ. ಮಗಳನ್ನು ಗದರಿಸಬೇಡ.