ನಮ್ಮ ರಸ್ತೆಗೆ ಒಪ್ಪುವ ಚಕ್ರ

ಸಣ್ಣ ಕಾರಿಗೆ ಹೊಸ ಚಕ್ರ, ಹೊಸ ಟೈರ್ ಹಾಕಿಸಲು ಹೋದವರು ಅಂಗಡಿಯಲ್ಲಿ ಮೊದಲು ಕೇಳುವುದು ‘ಇದು ಕೂರುತ್ತಾ?’ ಅಂತ. ಹುಡುಗ ನಾಲ್ಕು ನಟ್ ಬಿಗಿದು, ಚಕ್ರವನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ, ‘ಕೂತಿದೆ ನೋಡಿ ಸಾರ್’ ಅಂದರೆ ವ್ಯವಹಾರ ಮುಗಿಯಿತು. ಆ ಒಂದು ಪ್ರಶ್ನೆ ಸಾಲದು ಎಂಬುದು ನನ್ನ ವಾದ. ಚಕ್ರ ಕಾರಿಗೆ ಕೂರಬೇಕು ನಿಜ. ಅದು ಕಾರಿನ ಭಾರಕ್ಕೆ ತಾಳಬೇಕು, ಓಡುವ ರಸ್ತೆಗೆ ಒಗ್ಗಬೇಕು. ಕೆಟ್ಟು ನಿಂತರೆ ಹತ್ತಿರದ ಊರಿನಲ್ಲೇ ರಿಪೇರಿಯೂ ಆಗಬೇಕು. ಈ ಕೊನೆಯ ಮಾತು ಯಾವ ಕ್ಯಾಟಲಾಗಿನಲ್ಲೂ ಇಲ್ಲ. ಬೆಂಗಳೂರಿನವರಿಗೆ ಅದು ದೊಡ್ಡ ಸಂಗತಿಯೂ ಅಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದವರಿಗೆ ಮಾತ್ರ ಅದನ್ನೇ ಮೊದಲು ಕೇಳಿಕೊಳ್ಳಬೇಕಾದ ಸ್ಥಿತಿ ಇದೆ.

ಮಧುಗಿರಿ ಉಪವಿಭಾಗದ ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದೇ ಕಾರು ಒಂದೇ ದಿನದಲ್ಲಿ ಎಂತೆಂಥ ರಸ್ತೆ ಕಾಣುತ್ತದೆ ನೋಡಿ. ಶಿರಾ ಪಕ್ಕದಲ್ಲೇ ಬೆಂಗಳೂರು–ಪುಣೆ ಹೆದ್ದಾರಿ. ಅಲ್ಲಿ ಲಾರಿಗಳ ನಡುವೆ ನೂರರ ಹತ್ತಿರದ ವೇಗದಲ್ಲಿ ಬಂದ ಕಾರು ಸ್ವಲ್ಪ ಹೊತ್ತಿಗೆ ಹಳ್ಳಿಯ ರಸ್ತೆಗೆ ಇಳಿದು, ಬಣ್ಣ ಬಳಿಯದ, ದೂರದಿಂದ ಕಾಣದ ಹಂಪ್ ಹತ್ತಿ ಇಳಿಯುತ್ತದೆ. ಕೊರಟಗೆರೆಯಿಂದ ಗೊರವನಹಳ್ಳಿಗೋ ಸಿದ್ಧರಬೆಟ್ಟಕ್ಕೋ ಹೊರಟ ಕಾರಿನಲ್ಲಿ ಐದು ಸೀಟಿಗೆ ಏಳು ಜನ ಇರುವುದುಂಟು. ಮಧುಗಿರಿಯಿಂದ ಪಾವಗಡದ ದಾರಿಯಂತೂ ನಡುವೆ ಆಂಧ್ರದ ನೆಲವನ್ನೇ ಹಾದು ಹೋಗುತ್ತದೆ. ರಾತ್ರಿ ಅಲ್ಲಿ ಟೈರ್ ಸೀಳಿದರೆ ಮುಂದಿನ ಅಂಗಡಿ ಎಷ್ಟು ದೂರ ಎಂಬುದು ಆಗ ಮಾತ್ರ ಅರಿವಾಗುತ್ತದೆ. ಸುಗ್ಗಿಯಲ್ಲಿ ರಸ್ತೆಯೇ ಕಣ. ಹುರುಳಿ, ರಾಗಿಯನ್ನು ಡಾಂಬರಿನ ಮೇಲೆ ಹರವಿರುತ್ತಾರೆ. ಕಾರು ತೀರಾ ತಗ್ಗಾಗಿದ್ದರೆ ಹುರುಳಿಯ ಬಳ್ಳಿ ಕೆಳಗೆ ಸುತ್ತಿಕೊಂಡು, ಬಿಸಿಯಾದ ಸೈಲೆನ್ಸರ್ ಪೈಪಿಗೆ ತಗುಲಿ ಬೆಂಕಿ ಹತ್ತುವ ಅಪಾಯವಿದೆ. ಹೊಲದ ಬದುವಿನ ಬಳ್ಳಾರಿ ಜಾಲಿಯ ಮುಳ್ಳು ಟೈರನ್ನು ಹೇಗೆ ತೂರುತ್ತದೆ ಎಂಬುದು ಇಲ್ಲಿನ ಪ್ರತಿಯೊಬ್ಬ ಪಂಕ್ಚರ್ ಅಂಗಡಿಯವನಿಗೂ ಗೊತ್ತು.

ಇನ್ನು ಲೆಕ್ಕ. ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ ಸಂಖ್ಯೆಗಳನ್ನು ಓದಲು ಏಳನೇ ತರಗತಿಯ ಗಣಿತ ಸಾಕು. ಆಲ್ಟೊ 800 ಕಾರಿನ ಟೈರ್ 145/80 ಆರ್ 12. ಮೊದಲನೆಯದು ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. ಎರಡನೆಯದು ಟೈರಿನ ಪಕ್ಕೆಯ ಎತ್ತರ ಆ ಅಗಲದ ಶೇಕಡಾ ಎಷ್ಟು ಎಂಬುದು. ಕೊನೆಯದು ರಿಮ್ಮಿನ ವ್ಯಾಸ, ಇಂಚಿನಲ್ಲಿ. ‘ಆರ್’ ಅಂದರೆ ರೇಡಿಯಲ್. 145ರಲ್ಲಿ ಶೇಕಡಾ 80 ಅಂದರೆ 116 ಮಿ.ಮೀ. ಮೇಲೊಂದು ಕೆಳಗೊಂದು ಸೇರಿ 232. 12 ಇಂಚಿನ ರಿಮ್ ಸುಮಾರು 305 ಮಿ.ಮೀ. ಒಟ್ಟು ಚಕ್ರದ ಎತ್ತರ ಸುಮಾರು 537 ಮಿ.ಮೀ. ಇದೇ ಕಾರಿಗೆ ‘ಒಂದಿಂಚು ದೊಡ್ಡದು ಹಾಕೋಣ’ ಎಂದು 13 ಇಂಚಿನ ರಿಮ್ ನೋಡುವವರ ಮುಂದೆ 155/65 ಆರ್ 13 ಟೈರೂ ಇದೆ, 155/80 ಆರ್ 13 ಟೈರೂ ಇದೆ. ಎರಡರ ಅಗಲವೂ ಒಂದೇ, ರಿಮ್ಮೂ ಒಂದೇ. ಮೊದಲನೆಯದರ ಒಟ್ಟು ಎತ್ತರ ಸುಮಾರು 532 ಮಿ.ಮೀ. ಹಳೆಯ ಚಕ್ರಕ್ಕೂ ಇದಕ್ಕೂ ಶೇಕಡಾ ಒಂದರಷ್ಟೇ ವ್ಯತ್ಯಾಸ. ಎರಡನೆಯದು ಸುಮಾರು 578 ಮಿ.ಮೀ., ಅಂದರೆ ಶೇಕಡಾ ಏಳೂವರೆಗೂ ಹೆಚ್ಚು. ಅದನ್ನು ಹಾಕಿದರೆ ಸ್ಪೀಡೋಮೀಟರ್ 80 ತೋರಿಸುವಾಗ ಕಾರು 86ರಲ್ಲಿ ಓಡುತ್ತಿರುತ್ತದೆ. ಮೊದಲೇ ಸಣ್ಣ ಎಂಜಿನ್, ದಿಬ್ಬ ಹತ್ತಲು ಇನ್ನೂ ತಿಣುಕುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಟೈರ್ ಮಡ್‌ಗಾರ್ಡಿನ ಒಳಗೆ ಉಜ್ಜುವ ಸಾಧ್ಯತೆಯೂ ಹೆಚ್ಚು. ಇಷ್ಟು ವ್ಯತ್ಯಾಸ ಆಗುವುದು ನಡುವಿನ ಒಂದೇ ಸಂಖ್ಯೆಯಿಂದ. ಹೆಚ್ಚಿನವರು ಕೇಳದೇ ಬಿಡುವುದೂ ಅದನ್ನೇ.

ದೊಡ್ಡ ರಿಮ್ಮೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಸ್ವಿಫ್ಟ್ ಕಾರಿನ ಕೆಳಗಿನ ಮಾದರಿಗಳಿಗೆ 165/80 ಆರ್ 14, ಮೇಲಿನ ಮಾದರಿಗಳಿಗೆ 185/65 ಆರ್ 15 ಟೈರನ್ನು ಕಂಪನಿಯೇ ಕೊಟ್ಟಿದೆ. ಲೆಕ್ಕ ಹಾಕಿದರೆ ಎರಡೂ 620 ಮಿ.ಮೀ. ಆಸುಪಾಸಿನವು. ರಿಮ್ ದೊಡ್ಡದಾದಷ್ಟು ಟೈರಿನ ಪಕ್ಕೆ ಇಳಿದಿದೆ. ಒಟ್ಟು ಎತ್ತರ ಹಾಗೇ ಉಳಿದಿದೆ. ಒಟ್ಟು ಎತ್ತರದ ವ್ಯತ್ಯಾಸ ಶೇಕಡಾ ಮೂರರೊಳಗೆ ಇರಲಿ ಎಂದು ಈ ಕೆಲಸ ಬಲ್ಲವರು ಹೇಳುವುದರ ಹಿಂದಿನ ಕಾರಣ ಇದೇ. ಹಾಗೆ ಇಳಿದ ಪಕ್ಕೆಗೆ ತೆರಬೇಕಾದ ಬೆಲೆಯೂ ಉಂಟು. 132 ಮಿ.ಮೀ. ಇದ್ದ ರಬ್ಬರು 120ಕ್ಕೆ ಬರುತ್ತದೆ. ಇನ್ನೂ ಚಪ್ಪಟೆಯಾದ 195/55 ಹಾಕಿದರೆ 107. ಹಳ್ಳಕ್ಕೆ ಬಿದ್ದಾಗ ಏಟನ್ನು ನುಂಗಬೇಕಾದದ್ದು ಅಷ್ಟೇ ರಬ್ಬರು. ಅದು ಸಾಲದಿದ್ದರೆ ಏಟು ರಿಮ್ಮಿಗೆ ಹೋಗುತ್ತದೆ, ಇಲ್ಲವೇ ಒಳಗಿನ ದಾರ ತುಂಡಾಗಿ ಟೈರಿನ ಪಕ್ಕದಲ್ಲಿ ಬುಗುಟು ಏಳುತ್ತದೆ. ಬುಗುಟು ಎದ್ದ ಟೈರಿಗೆ ರಿಪೇರಿ ಇಲ್ಲ, ಬಿಸಾಡಬೇಕು. ನುಣುಪಾದ ನಗರದ ರಸ್ತೆಯಲ್ಲಿ ಚಪ್ಪಟೆ ಟೈರ್ ತಿರುವಿನಲ್ಲಿ ಚೆನ್ನಾಗಿ ಹಿಡಿಯುತ್ತದೆ ಎಂಬುದು ನಿಜವೇ. ನಮ್ಮ ರಸ್ತೆಯಲ್ಲಿ ಆ ಲಾಭಕ್ಕಿಂತ ನಷ್ಟ ಹೆಚ್ಚು.

ಕಾರು ತಯಾರಿಸಿದವರು ಅಳತೆಯನ್ನು ಎಷ್ಟು ಯೋಚಿಸಿ ಇಡುತ್ತಾರೆ ಎಂಬುದಕ್ಕೆ ಟಾಟಾ ನ್ಯಾನೊ ಒಳ್ಳೆಯ ಉದಾಹರಣೆ. 2009ರಲ್ಲಿ ಮಾರುಕಟ್ಟೆಗೆ ಬಂದ ಆ ಕಾರಿನ ಮುಂದಿನ ಟೈರ್ 135/70 ಆರ್ 12, ಹಿಂದಿನದು 155/65 ಆರ್ 12. ಎಂಜಿನ್ ಹಿಂದೆ ಇದೆ, ಭಾರ ಹಿಂದೆ ಬೀಳುತ್ತದೆ, ಆದ್ದರಿಂದ ಹಿಂದೆ ಅಗಲದ ಟೈರ್. ಸೆಕೆಂಡ್ ಹ್ಯಾಂಡ್ ನ್ಯಾನೊ ಕೊಂಡವರು ‘ನಾಲ್ಕೂ ಒಂದೇ ಇರಲಿ’ ಎಂದು ಹಾಕಿಸಿದರೆ ಕಾರು ಓಡುತ್ತದೆ. ಆದರೆ ಭಾರಕ್ಕೆ ತಕ್ಕಂತೆ ಮಾಡಿದ್ದ ಆ ಹೊಂದಾಣಿಕೆಯೇ ಅಳಿಸಿಹೋಗುತ್ತದೆ.

ಟೈರಿಗಿಂತ ರಿಮ್ ವಿಷಯದಲ್ಲಿ ಮೋಸ ಹೋಗುವುದು ಸುಲಭ, ಏಕೆಂದರೆ ಅಲ್ಲಿನ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ನಟ್ ಕೂರುವ ತೂತುಗಳು ಒಂದು ವೃತ್ತದ ಮೇಲಿರುತ್ತವೆ. ಆ ವೃತ್ತದ ವ್ಯಾಸಕ್ಕೆ ಮೆಕ್ಯಾನಿಕ್‌ಗಳು ಪಿ.ಸಿ.ಡಿ. ಅನ್ನುತ್ತಾರೆ. ನಾಲ್ಕು ತೂತಿನ ರಿಮ್ಮಿನಲ್ಲಿ ಎದುರುಬದುರಿನ ಎರಡು ತೂತುಗಳ ನಡುಬಿಂದುಗಳ ಅಂತರವೇ ಅದು. ಸ್ಕೇಲ್ ಇಟ್ಟು ಅಳೆಯಬಹುದು. ಸಣ್ಣ ಕಾರುಗಳಲ್ಲಿ 100 ಮಿ.ಮೀ. ತೀರಾ ಸಾಮಾನ್ಯ, 114.3 ಮಿ.ಮೀ. ಇರುವವೂ ಇವೆ, ಫಿಯಟ್ ಕಾರುಗಳದ್ದು 98. ನೂರರ ರಿಮ್ಮನ್ನು 98ರ ಹಬ್ಬಿಗೆ, ಅಂದರೆ ಚಕ್ರ ಕೂರುವ ಕಾರಿನ ಭಾಗಕ್ಕೆ, ಒತ್ತಿ ಬಿಗಿದರೆ ಮೇಲ್ನೋಟಕ್ಕೆ ಕೂತ ಹಾಗೇ ಕಾಣುತ್ತದೆ. ಎರಡು ಮಿಲಿಮೀಟರ್ ಅಷ್ಟೇ ತಾನೇ! ಆದರೆ ನಟ್‌ಗಳು ಓರೆಯಾಗಿ ಕೂತು, ಚಕ್ರ ನಡುವಿನಿಂದ ಸರಿದು, ವೇಗ ಹೆಚ್ಚಿದಾಗ ಸ್ಟೀರಿಂಗ್ ನಡುಗುತ್ತದೆ. ನಟ್ ಸಡಿಲವಾಗುವುದೂ ಅಲ್ಲಿಂದಲೇ ಶುರು. ರಿಮ್ಮಿನ ನಡುವಿನ ದೊಡ್ಡ ತೂತೂ ಹಬ್ಬಿಗೆ ಸರಿಯಾಗಿ ಕೂರಬೇಕು. ಸಡಿಲವಿದ್ದರೆ ನಡುವೆ ಅಳತೆಯ ರಿಂಗ್ ಹಾಕಿಸಬೇಕು. ಇನ್ನೊಂದು ಆಫ್‌ಸೆಟ್, ಅಂದರೆ ಚಕ್ರ ಎಷ್ಟು ಒಳಕ್ಕೆ ಕೂರುತ್ತದೆ ಎಂಬ ಅಳತೆ. ಅದನ್ನು ರಿಮ್ಮಿನ ಮೇಲೆ ‘ಇ.ಟಿ.’ ಎಂದು ಗುರುತಿಸಿರುತ್ತಾರೆ. ಅದು ಕಡಿಮೆಯಾದರೆ ಚಕ್ರ ಹೊರಕ್ಕೆ ಚಾಚಿಕೊಳ್ಳುತ್ತದೆ. ನೋಡಲು ಗತ್ತು ಇರುತ್ತದೆ, ಆದರೆ ಬೇರಿಂಗಿನ ಮೇಲೆ ಬೀಳುವ ಹೊರೆ ಹೆಚ್ಚುತ್ತದೆ. ಚಕ್ರವನ್ನು ಹೊರಕ್ಕೆ ತರಲೆಂದೇ ಸ್ಪೇಸರ್ ಹಾಕಿಸುವವರಿದ್ದಾರೆ. ತುಂಬಿದ ಕಾರಿನಲ್ಲಿ ಹಳ್ಳಿಯ ರಸ್ತೆ ತುಳಿಯುವವರು ಆ ಕೆಲಸಕ್ಕೆ ಕೈ ಹಾಕದಿರುವುದು ಒಳ್ಳೆಯದು.

ಭಾರದ ಮಾತಿಗೆ ಬಂದರೆ, ಅಳತೆಯ ಪಕ್ಕದಲ್ಲೇ ‘74 ಟಿ’ ಎಂಬಂಥ ಬರಹವಿರುತ್ತದೆ. 74 ಅಂದರೆ ಆ ಒಂದು ಟೈರ್ 375 ಕಿಲೋ ಹೊರಬಲ್ಲದು. 73 ಇದ್ದರೆ 365, 85 ಇದ್ದರೆ 515. ಅಕ್ಷರ ವೇಗದ ಮಿತಿಯದು. ಈ ಸಂಖ್ಯೆ ಹಳೆಯ ಟೈರಿನದ್ದಕ್ಕಿಂತ ಕೆಳಗೆ ಇಳಿಯಕೂಡದು. ಬೆಂಗಳೂರಿನಲ್ಲಿ ಒಬ್ಬರೇ ಆಫೀಸಿಗೆ ಓಡಿಸುತ್ತಿದ್ದ ಕಾರು ಸೆಕೆಂಡ್ ಹ್ಯಾಂಡಾಗಿ ನಮ್ಮ ತಾಲ್ಲೂಕಿಗೆ ಬಂದ ಮೇಲೆ ಅದರ ಬದುಕೇ ಬೇರೆ. ಮನೆಮಂದಿಯೆಲ್ಲ ಕೂತು, ಡಿಕ್ಕಿಯಲ್ಲಿ ರಾಗಿ ಮೂಟೆಯೋ ಕಡಲೆಕಾಯಿ ಚೀಲವೋ ಇರುವ ಕಾರಿಗೆ ಟೈರಿನ ತಾಕತ್ತು ಮುಖ್ಯ, ಅದರ ಅಂದ ಆಮೇಲಿನದು.

ಬಿಸಿಲಿನ ಪ್ರಶ್ನೆಯನ್ನು ನಾವು ಇನ್ನೂ ಗಂಭೀರವಾಗಿ ತೆಗೆದುಕೊಂಡಿಲ್ಲ. ಪಾವಗಡದ ಬಿಸಿಲಿನ ಶಕ್ತಿ ತಿರುಮಣಿ ಸುತ್ತಿನ ಸೋಲಾರ್ ಪಾರ್ಕಿನಲ್ಲಿ ಕಾಣುತ್ತದೆ. ಅಲ್ಲಿ ಸುಮಾರು 13,000 ಎಕರೆಯಲ್ಲಿ 2,000 ಮೆಗಾವಾಟ್ ವಿದ್ಯುತ್ ತೆಗೆಯುವ ವ್ಯವಸ್ಥೆ ಇದೆ. ಅದೇ ಬಿಸಿಲು ಮನೆ ಮುಂದೆ ನಿಂತ ಕಾರಿನ ಟೈರಿನ ಮೇಲೂ ಬೀಳುತ್ತದೆ. ವಾರಕ್ಕೊಮ್ಮೆ ತುಮಕೂರಿಗೆ ಹೋಗಿಬರುವ ಕಾರಿನ ಟೈರ್ ಸವೆಯುವ ಮೊದಲೇ ಹಳತಾಗುತ್ತದೆ. ಗೆರೆಗಳು ಆಳವಾಗೇ ಇರುತ್ತವೆ, ಪಕ್ಕದ ರಬ್ಬರು ಕೆರೆಯಂಗಳದಂತೆ ಬಿರುಕು ಬಿಟ್ಟಿರುತ್ತದೆ. ಗೆರೆ 1.6 ಮಿ.ಮೀ.ಗೆ ಇಳಿದಾಗ ಟೈರ್ ಬದಲಿಸಬೇಕು ಎಂಬುದು ಬಹಳ ಜನಕ್ಕೆ ಗೊತ್ತು. ಗೆರೆಯೊಳಗಿನ ಸಣ್ಣ ದಿಂಡು ಮೇಲ್ಮೈಗೆ ಸಮನಾಗುವುದು ಅದರ ಗುರುತು. ವಯಸ್ಸನ್ನು ನೋಡುವವರು ಮಾತ್ರ ಕಡಿಮೆ. ಟೈರಿನ ಪಕ್ಕದಲ್ಲಿ ‘ಡಿ.ಒ.ಟಿ.’ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2323 ಎಂದಿದ್ದರೆ 2023ರ 23ನೇ ವಾರ ತಯಾರಾದದ್ದು. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಿ, ಹತ್ತು ವರ್ಷಕ್ಕೆ ಹೇಗಿದ್ದರೂ ತೆಗೆದುಬಿಡಿ ಎಂದು ಟೈರ್ ಕಂಪನಿಗಳೇ ಹೇಳುತ್ತವೆ.

ಬೇಸಿಗೆಯಲ್ಲಿ ಗಾಳಿ ಕಡಿಮೆ ಹಾಕಿಸುವ ಒಂದು ರೂಢಿ ಇದೆ. ಬಿಸಿಗೆ ಗಾಳಿ ಹಿಗ್ಗಿ ಟೈರ್ ಒಡೆಯುತ್ತದೆ ಎಂಬ ಭಯ. ಆಗುವುದು ಇದರ ತದ್ವಿರುದ್ಧ. ಗಾಳಿ ಕಡಿಮೆಯಾದ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಹೆಚ್ಚು ಮಡಚಿ ಬಿಚ್ಚಿಕೊಳ್ಳುತ್ತದೆ. ಆ ಮಡಚುವಿಕೆಯಿಂದಲೇ ಶಾಖ ಹುಟ್ಟುತ್ತದೆ. ಏಪ್ರಿಲ್ ಮಧ್ಯಾಹ್ನ ಶಿರಾ ಹೆದ್ದಾರಿಯಲ್ಲಿ ತುಂಬಿದ ಕಾರನ್ನು ಹೀಗೆ ಓಡಿಸಿದರೆ ಟೈರ್ ಒಡೆಯಲು ನಾವೇ ದಾರಿ ಮಾಡಿಕೊಟ್ಟ ಹಾಗೆ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಅಂಟಿಸಿದ ಸ್ಟಿಕ್ಕರ್‌ನಲ್ಲಿ ಎಷ್ಟು ಗಾಳಿ ಎಂದು ಬರೆದಿರುತ್ತದೆ. ಬೆಳಿಗ್ಗೆ, ಟೈರ್ ತಣ್ಣಗಿರುವಾಗ, ಅಷ್ಟು ಹಾಕಿಸಬೇಕು. ಚಕ್ರದ ಅಳತೆಯೂ ಆ ಸ್ಟಿಕ್ಕರ್‌ನಲ್ಲೇ ಇರುವುದು ಸಾಮಾನ್ಯ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಹಾಕಿರುವ ಟೈರನ್ನು ನಂಬದೆ ಸ್ಟಿಕ್ಕರನ್ನು ನಂಬಬೇಕು. ಹಳೆಯ ಮಾಲೀಕರು ಏನು ಹಾಕಿಸಿದ್ದರೋ ಯಾರಿಗೆ ಗೊತ್ತು?

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದೇ. ಮೊದಲ ಕಾರು ಕೊಂಡ ಹುಡುಗನಿಗೆ ಅದು ಚೆನ್ನಾಗಿ ಕಾಣಬೇಕು ಎಂಬ ಆಸೆ ಇರಬಾರದೇ? ಇರಬೇಕು. ಎತ್ತಿನ ಕೊಂಬಿಗೆ ಬಣ್ಣ ಬಳಿದು ಕೊಂಬೆಣಸು ತೊಡಿಸಿದ ನಾಡು ಇದು, ಗಾಡಿಯ ಅಂದದ ಬಗ್ಗೆ ಯಾರೂ ಇಲ್ಲಿ ಕೀಳಾಗಿ ಮಾತಾಡಲಾರರು. ಅದೇ ಅಳತೆಯ, ಅದೇ ಆಫ್‌ಸೆಟ್ಟಿನ, ಒಳ್ಳೆಯ ತಯಾರಿಕೆಯ ಅಲಾಯ್ ಹಾಕಿಸಿದರೆ ನನ್ನ ತಕರಾರಿಲ್ಲ. ನಾನು ಕೇಳುವುದು ಇಷ್ಟೇ: ಪೆಟ್ಟು ಬಿದ್ದಾಗ ಏನಾಗುತ್ತದೆ ಎಂದು ಮೊದಲೇ ತಿಳಿದಿರಲಿ. ಕಬ್ಬಿಣದ ಡಿಸ್ಕ್ ಹಳ್ಳಕ್ಕೆ ಬಿದ್ದರೆ ಸಾಮಾನ್ಯವಾಗಿ ಅಂಚು ಬಾಗುತ್ತದೆ. ಟೈರ್ ಅಂಗಡಿಯವನು ಸುತ್ತಿಗೆಯಲ್ಲಿ ತಟ್ಟಿ, ಗಾಳಿ ನಿಲ್ಲುವಷ್ಟು ಸರಿಮಾಡಿ ಮನೆ ಮುಟ್ಟಿಸಬಲ್ಲ. ಅಲಾಯ್ ಬಿರುಕು ಬಿಡುವ ಸಂಭವ ಹೆಚ್ಚು, ಬಿರುಕು ಬಿಟ್ಟದ್ದನ್ನು ಬೆಸುಗೆ ಹಾಕಿ ಓಡಿಸುವುದು ಅಪಾಯ. ಅಲಾಯ್‌ನ ನಟ್ ಬೇರೆ ಬಗೆಯದಾಗಿದ್ದರೆ ಕಬ್ಬಿಣದ ಸ್ಟೆಪ್ನಿಗೆ ಹಳೆಯ ನಾಲ್ಕು ನಟ್‌ಗಳನ್ನೂ ಡಿಕ್ಕಿಯಲ್ಲಿ ಇಟ್ಟಿರಬೇಕು. ಇಲ್ಲದಿದ್ದರೆ ಸ್ಟೆಪ್ನಿ ಇದ್ದೂ ಇಲ್ಲದ ಹಾಗೆ. ವಿಚಿತ್ರ ಅಳತೆಯ ಟೈರ್ ಹಾಕಿಸಿದವರು ಒಂದು ಸೀಳಿದರೆ ಅದರ ಜೋಡಿಗಾಗಿ ತುಮಕೂರಿಗೋ ಬೆಂಗಳೂರಿಗೋ ಹೋಗಬೇಕಾಗುತ್ತದೆ. ಪಾವಗಡದಿಂದ ತುಮಕೂರಿಗೇ ಸುಮಾರು 100 ಕಿ.ಮೀ. ಹತ್ತಿರದ ಅಂಗಡಿಯ ಕಪಾಟಿನಲ್ಲಿ ಯಾವಾಗಲೂ ಇರುವ ಅಳತೆಯೇ ನಮ್ಮ ಕಾರಿನ ಸರಿಯಾದ ಅಳತೆ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಕಾನೂನಿನ ಮಾತು ಚಿಕ್ಕದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ನಿಗದಿ ಮಾಡಿದ್ದಕ್ಕೆ ವ್ಯತ್ಯಾಸವಾಗುವಂತೆ ವಾಹನ ಬದಲಿಸುವುದನ್ನು ನಿರ್ಬಂಧಿಸುತ್ತದೆ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನು ಗಟ್ಟಿಯಾಗಿ ಹೇಳಿದೆ. ಮಡ್‌ಗಾರ್ಡಿನಿಂದ ಹೊರಕ್ಕೆ ಚಾಚಿದ ಚಕ್ರದ ಕಾರು ಅಪಘಾತಕ್ಕೆ ಸಿಕ್ಕಿದರೆ ವಿಮೆಯ ಹಣಕ್ಕೂ ತಕರಾರು ಬರಬಹುದು.

ಹಣದ ಕಷ್ಟ ಇದೆಲ್ಲಕ್ಕಿಂತ ದೊಡ್ಡದು. ನಾಲ್ಕು ಹೊಸ ಟೈರಿನ ಬೆಲೆ ಮಳೆಯನ್ನು ನಂಬಿದ ಕಡಲೆಕಾಯಿ ಬೆಳೆಗಾರನಿಗೆ ಹೊರೆಯೇ, ಆದ್ದರಿಂದ ಹಳೆಯ ಟೈರ್ ಕೊಳ್ಳುತ್ತಾನೆ. ಅವನಿಗೆ ‘ಕೊಳ್ಳಬೇಡ’ ಎಂದು ಹೇಳಿ ಸುಮ್ಮನಾಗುವುದು ಸುಲಭ. ಅವನಿಗೆ ಬೇಕಾದದ್ದು ತಿಳಿವಳಿಕೆ. ನಾಲ್ಕು ಅಗ್ಗದ ಹಳೆಯ ಟೈರಿಗಿಂತ ಈ ಸಲ ಎರಡು ಹೊಸತು, ಮುಂದಿನ ಬೆಳೆಗೆ ಇನ್ನೆರಡು ಎಂಬುದು ಲಾಭದ ದಾರಿ. ಆ ಎರಡನ್ನು ಹಿಂದಕ್ಕೆ ಹಾಕಿ, ಉಳಿದವುಗಳಲ್ಲಿ ಒಳ್ಳೆಯವನ್ನು ಮುಂದಕ್ಕೆ ತಂದರೆ ಮಳೆಯಲ್ಲಿ ಕಾರಿನ ಹಿಂಭಾಗ ಜಾರುವುದು ತಪ್ಪುತ್ತದೆ. ಅಂಗಡಿಯವರಿಂದಲೂ ನಾವು ಒಂದನ್ನು ಪಟ್ಟು ಹಿಡಿದು ಕೇಳಬೇಕು. ಬಿಲ್ಲಿನಲ್ಲಿ ಬರೀ ‘ಟೈರ್ 2’ ಎಂದು ಬರೆದರೆ ಸಾಲದು. ಪೂರ್ತಿ ಅಳತೆ, ಭಾರದ ಸಂಖ್ಯೆ, ತಯಾರಾದ ವಾರ ಮತ್ತು ವರ್ಷ, ಇಷ್ಟನ್ನೂ ಕನ್ನಡದಲ್ಲಿ ಬರೆದುಕೊಡಲಿ. ಐ.ಎಸ್.ಐ. ಗುರುತನ್ನು ಟೈರಿನ ಮೇಲೆ ತೋರಿಸಲಿ. ಟೈರ್ ಬದಲಿಸಿದ ಮೇಲೆ ನೂರು ಕಿಲೋಮೀಟರ್ ಓಡುವುದರೊಳಗೆ ಬಂದು ನಟ್‌ಗಳನ್ನು ಮತ್ತೊಮ್ಮೆ ಬಿಗಿಸಿಕೊಂಡು ಹೋಗಿ ಎಂಬ ಸಾಲನ್ನೂ ಅದೇ ಬಿಲ್ಲಿನ ಕೆಳಗೆ ಸೇರಿಸಲಿ.