ಗೋಡೆಯ ಪ್ಲಗ್ಗಿನ ಹಿಂದೆ ಒಬ್ಬ ಹಳ್ಳಿ ಹುಡುಗ

ನಿಮ್ಮ ಮನೆಯ ಗೋಡೆಗೆ ಟಿ.ವಿ. ಸ್ಟ್ಯಾಂಡೋ, ಕನ್ನಡಿಯೋ ಕೂರಿಸಿದ ದಿನ ನೆನಪಿದೆಯೇ? ಎಲೆಕ್ಟ್ರಿಷಿಯನ್ ಬಂದು ಡ್ರಿಲ್ ಮಷಿನ್‌ನಲ್ಲಿ ತೂತು ಕೊರೆದರು. ಜೇಬಿನಿಂದ ಒಂದು ಪುಟ್ಟ ಪ್ಲಾಸ್ಟಿಕ್ ತುಂಡು ತೆಗೆದು ತೂತಿಗೆ ಬಡಿದರು. ಅದರೊಳಗೆ ಸ್ಕ್ರೂ ತಿರುಗಿಸಿದರು. ಅಷ್ಟೇ, ಕೆಲಸ ಮುಗಿಯಿತು. ಆ ತುಂಡು ಆಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಗೋಡೆಯ ಮೇಲಿನ ಭಾರವೆಲ್ಲ ಅದರ ಮೇಲೆಯೇ.

ಆ ತುಂಡನ್ನು ಇವತ್ತಿನ ರೂಪಕ್ಕೆ ತಂದವರು ಜರ್ಮನಿಯ ಒಂದು ಹಳ್ಳಿಯಲ್ಲಿ ಹುಟ್ಟಿ, ಬೀಗ, ಬಾಗಿಲು, ಕಬ್ಬಿಣದ ಕೆಲಸ ಕಲಿತವರು. ಹೆಸರು ಆರ್ಟುರ್ ಫಿಷರ್. ಕಾಲೇಜಿನ ಪದವಿ ಅವರಿಗಿರಲಿಲ್ಲ. ಆದರೆ ಅವರ ಹೆಸರಿನಲ್ಲಿ ಬರೆಸಿದ ಪೇಟೆಂಟ್‌ಗಳು ಮತ್ತು ಅಂಥದೇ ನೋಂದಣಿಗಳು ಒಟ್ಟು 1,100ಕ್ಕೂ ಹೆಚ್ಚು. ಅವರ ಕಥೆ ಓದಿದ ಮೇಲೆ, ಸುದ್ದಿ ಬರೆಯುವ ನಮ್ಮನ್ನೂ ಸೇರಿಸಿ ನಾವೆಲ್ಲ ಕೈಕೆಲಸದವರನ್ನು ನೋಡುವ ರೀತಿ ತಪ್ಪು ಅನ್ನಿಸಿತು. ಅದಕ್ಕೇ ಈ ಬರಹ.

ಫಿಷರ್ ಹುಟ್ಟಿದ್ದು 1919ರ ಡಿಸೆಂಬರ್ 31ರಂದು, ದಕ್ಷಿಣ ಜರ್ಮನಿಯ ಕಪ್ಪು ಕಾಡು ಎಂಬ ಗುಡ್ಡಗಾಡಿನ ಟುಮ್ಲಿಂಗೆನ್ ಹಳ್ಳಿಯಲ್ಲಿ. ತಂದೆ ಊರಿನ ದರ್ಜಿ. ಮಗ ಸದಾ ಏನಾದರೂ ಬಿಚ್ಚುವುದು, ಜೋಡಿಸುವುದು ಮಾಡುತ್ತಿದ್ದ. ತಾಯಿ ಬೈಯಲಿಲ್ಲ. ಲೋಹದ ತುಂಡುಗಳನ್ನು ಜೋಡಿಸಿ ಆಡುವ ಒಂದು ಆಟಿಕೆ ಸೆಟ್ ತಂದುಕೊಟ್ಟರು. ಹದಿಹರೆಯದಲ್ಲೇ ಓದು ಬಿಟ್ಟ ಹುಡುಗ ಸ್ಟುಟ್‌ಗಾರ್ಟ್ ನಗರಕ್ಕೆ ಹೋಗಿ ಕೆಲಸ ಕಲಿಯಲು ಸೇರಿಕೊಂಡ.

ಆಮೇಲೆ ಯುದ್ಧ ಬಂತು. ವಿಮಾನ ಹಾರಿಸುವ ಆಸೆಯಿತ್ತು, ಎತ್ತರ ಸಾಲಲಿಲ್ಲ. ಹಿಟ್ಲರನ ಜರ್ಮನಿಯ ವಾಯುಪಡೆಯಲ್ಲಿ ಮೆಕ್ಯಾನಿಕ್ ಆದರು. ಲಕ್ಷಾಂತರ ಜನ ಸತ್ತ ಸ್ಟಾಲಿನ್‌ಗ್ರಾಡ್‌ನಿಂದ ಬದುಕಿ ಬಂದರು. ಇಟಲಿಯಲ್ಲಿ ಸೆರೆಸಿಕ್ಕಿ ಇಂಗ್ಲೆಂಡಿನ ಕ್ಯಾಂಪ್ ಸೇರಿದರು. 1946ರಲ್ಲಿ ಊರಿಗೆ ಮರಳಿದಾಗ ಸೋತ ದೇಶದಲ್ಲಿ ಎಲ್ಲದಕ್ಕೂ ಬರ. ಸೇನೆ ಬಿಟ್ಟುಹೋದ ಗುಜರಿಯಿಂದ ಬೆಂಕಿ ಹೊತ್ತಿಸುವ ಲೈಟರ್, ಮಗ್ಗದ ಸ್ವಿಚ್ ಮಾಡಿ ಮಾರಿದರು. 1948ರಲ್ಲಿ ಸ್ವಂತ ಕಂಪನಿ ಶುರು ಮಾಡಿದರು. ಅದೂ ದೊಡ್ಡ ನಗರದಲ್ಲಲ್ಲ, ತಮ್ಮ ಹಳ್ಳಿಯ ಪಕ್ಕದಲ್ಲೇ.

ಮೊದಲ ದೊಡ್ಡ ಆವಿಷ್ಕಾರಕ್ಕೆ ಕಾರಣ ಅವರ ಎಳೆಯ ಮಗಳು. ಮಗುವಿನ ಫೋಟೋ ತೆಗೆಸಬೇಕಿತ್ತು. ಆಗ ಫ್ಲ್ಯಾಶ್ ಎಂದರೆ ಪುಡಿ ಸುಟ್ಟು ಬೆಳಕು ಮಾಡುವುದು. ಮನೆಯೊಳಗೆ ಬೆಂಕಿ ಹತ್ತುವ ಭಯ. ಫಿಷರ್ ಕುಳಿತು ಯೋಚಿಸಿ, ಕ್ಯಾಮೆರಾದ ಬಟನ್ ಒತ್ತಿದ ಕ್ಷಣದಲ್ಲೇ ಹೊತ್ತಿಕೊಳ್ಳುವ ಫ್ಲ್ಯಾಶ್ ತಯಾರಿಸಿದರು. 1949ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಕ್ಯಾಮೆರಾ ಕಂಪನಿ ಆಗ್ಫಾ ಅದನ್ನು ಕೊಂಡಿತು. ಆ ಹಣದಿಂದ ಅವರ ಕಾರ್ಖಾನೆ ನಿಂತಿತು.

1958ರಲ್ಲಿ ಬಂದದ್ದು ನಾವು ಮೊದಲು ಹೇಳಿದ ಪ್ಲಗ್. ಒಂದು ಮಾತು ಇಲ್ಲೇ ಹೇಳಬೇಕು. ಗೋಡೆ ಪ್ಲಗ್ಗನ್ನು ಮೊದಲು ಕಂಡುಹಿಡಿದವರು ಫಿಷರ್ ಅಲ್ಲ. ಇಂಗ್ಲೆಂಡಿನ ಜಾನ್ ರಾಲಿಂಗ್ಸ್ ಎಂಬುವವರು 20ನೇ ಶತಮಾನದ ಆರಂಭದಲ್ಲೇ ಸೆಣಬಿನ ನಾರಿನಿಂದ ಅಂಥದ್ದನ್ನು ಮಾಡಿದ್ದರು. 'ರಾವಲ್ ಪ್ಲಗ್' ಎಂಬ ಹೆಸರು ಬಂದದ್ದು ಅವರಿಂದಲೇ. ಫಿಷರ್ ಮಾಡಿದ್ದು ನೈಲಾನ್ ಪ್ಲಗ್. ಅದರ ತುದಿ ಸೀಳಿದೆ, ಮೈಮೇಲೆ ಹಲ್ಲುಗಳಿವೆ. ಸ್ಕ್ರೂ ಒಳಹೋದಂತೆ ಪ್ಲಗ್ ಎರಡು ಕಡೆಗೂ ಅಗಲವಾಗಿ ಗೋಡೆಯನ್ನು ಒಳಗಿನಿಂದ ಒತ್ತಿ ಹಿಡಿಯುತ್ತದೆ. ಹಲ್ಲುಗಳು ಅದು ಸುತ್ತದಂತೆ ತಡೆಯುತ್ತವೆ. ಮರದ ಬೆಣೆಯ ಹಾಗೆ ಕೊಳೆಯುವುದಿಲ್ಲ, ಕಬ್ಬಿಣದ ಹಾಗೆ ತುಕ್ಕು ಹಿಡಿಯುವುದಿಲ್ಲ. (ಪ್ಲಗ್ 8 ಎಂ.ಎಂ. ಇದ್ದರೆ ಡ್ರಿಲ್ ಬಿಟ್ಟೂ 8 ಎಂ.ಎಂ. ಇರಲಿ, ತೂತಿನ ಧೂಳು ಊದಿ ತೆಗೆಯಿರಿ. ಮಣ್ಣಿನ ಗೋಡೆಗೆ ಇದು ಸರಿ ಬಾರದು. ಒತ್ತಿ ಹಿಡಿಯಲು ಗಟ್ಟಿ ಗೋಡೆಯೇ ಬೇಕು.)

ಇದರಲ್ಲಿ ರಾಕೆಟ್ ವಿಜ್ಞಾನವೇನೂ ಇಲ್ಲ. ಗೋಡೆ ಹೇಗೆ ಒಡೆಯುತ್ತದೆ, ಸ್ಕ್ರೂ ಯಾಕೆ ಸಡಿಲವಾಗುತ್ತದೆ ಎಂಬುದು ಕೈಯಲ್ಲಿ ಸುತ್ತಿಗೆ ಹಿಡಿದವರಿಗೆ ಗೊತ್ತಿರುತ್ತದೆ. ಕೈಗೆ ಗೊತ್ತಿದ್ದ ಆ ವಿದ್ಯೆಯನ್ನು ಅವರು ಗೌರವದಿಂದ ಬಳಸಿದರು.

ಈಗ ನಮ್ಮ ಕಡೆ ನೋಡೋಣ. 'ಓದದಿದ್ದರೆ ಗ್ಯಾರೇಜಿಗೆ ಹಾಕ್ತೀನಿ' ಎಂಬ ಬೆದರಿಕೆ ಕೇಳದೆ ಬೆಳೆದವರು ನಮ್ಮಲ್ಲಿ ಎಷ್ಟು ಜನ? ಗ್ಯಾರೇಜು, ವೆಲ್ಡಿಂಗ್ ಅಂಗಡಿ, ಐ.ಟಿ.ಐ. ಇವೆಲ್ಲ ಸೋತವರು ಹೋಗುವ ಜಾಗ ಎಂದು ಮಕ್ಕಳ ತಲೆಗೆ ತುಂಬಿದ್ದೇವೆ. ಪತ್ರಕರ್ತರಾದ ನಾವೂ ಕಡಿಮೆಯೇನಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಹೆಚ್ಚು ಅಂಕ ತೆಗೆದವರ ಬಾಯಿಗೆ ಸಿಹಿ ಇಡುವ ಫೋಟೋ ಹಾಕುತ್ತೇವೆ. ಕೆಟ್ಟುನಿಂತ ಪಂಪ್‌ಸೆಟ್ಟನ್ನು ರಾತ್ರಿಯಿಡೀ ಕುಳಿತು ಓಡುವಂತೆ ಮಾಡಿದ ಹುಡುಗನ ಫೋಟೋ ಎಂದೂ ಹಾಕಿದವರಲ್ಲ.

ಜರ್ಮನಿಯಲ್ಲಿ ಕೈಕೆಲಸಕ್ಕೆ ಮೆಟ್ಟಿಲುಗಳಿವೆ. ಮೊದಲು ಕಲಿಯುವವ, ಆಮೇಲೆ ಪರೀಕ್ಷೆ ಪಾಸಾದ ಕೆಲಸಗಾರ, ಅದರ ಮೇಲೆ 'ಮೈಸ್ಟರ್', ಅಂದರೆ ಗುರು ಕುಶಲಕರ್ಮಿ. ಮೈಸ್ಟರ್ ಪ್ರಮಾಣಪತ್ರ ಪಡೆದವರು ಇತರರಿಗೆ ಕಲಿಸಬಹುದು. ಅನೇಕ ಕಸುಬುಗಳಲ್ಲಿ ಸ್ವಂತ ಅಂಗಡಿ ನಡೆಸಲು ಅದು ಬೇಕೇ ಬೇಕು. ಈಗ ಕಲಿಯುವ ಹುಡುಗ ಹುಡುಗಿಯರು ವಾರದ ಹೆಚ್ಚಿನ ದಿನ ಕೆಲಸದ ಜಾಗದಲ್ಲಿ, ಉಳಿದ ದಿನ ವೃತ್ತಿ ಶಾಲೆಯಲ್ಲಿ ಇರುತ್ತಾರೆ. ಕಲಿಯುವಾಗಲೇ ಭತ್ಯೆ ಸಿಗುತ್ತದೆ. ಫಿಷರ್ ಅವರ ಪ್ರತಿಭೆ ಅವರದೇ, ನಿಜ. ಆದರೆ ಕಲಿತ ಕೆಲಸಕ್ಕೆ ಒಂದು ಮರ್ಯಾದೆ ಇದ್ದ ಊರಿನಲ್ಲಿ ಅದು ಬೆಳೆಯಿತು.

'ಹಾಗಾದರೆ ಶಾಲೆ ಬಿಡಿಸೋಣವೇ?' ಎಂದು ಕೇಳಬಹುದು. ಖಂಡಿತ ಬೇಡ. 14ರೊಳಗಿನ ಮಕ್ಕಳನ್ನು ಕೆಲಸಕ್ಕೆ ಹಚ್ಚುವುದು ನಮ್ಮಲ್ಲಿ ಅಪರಾಧ, ಅದು ಹಾಗೇ ಇರಬೇಕು. ನಾವು ಹೇಳುವುದು ಇಷ್ಟೇ: ಓದು ಮುಗಿಸಿದ ಮಗ ಅಥವಾ ಮಗಳು ಕೈಕೆಲಸ ಆರಿಸಿಕೊಂಡರೆ ಮನೆಯಲ್ಲಿ ಸೂತಕದ ಮುಖ ಬೇಡ. ಫಿಷರ್ ಅವರ ತಾಯಿಯ ಹತ್ತಿರ ದೊಡ್ಡ ಹಣವಿರಲಿಲ್ಲ. ಬಿಚ್ಚುವ ಮಗನನ್ನು ಬೈಯದೆ ಬಿಟ್ಟರು, ಅಷ್ಟೇ. ಅದರ ಫಲ ಮುಂದೆ ಇನ್ನೊಂದು ರೂಪದಲ್ಲೂ ಕಂಡಿತು. 1960ರ ದಶಕದಲ್ಲಿ ಫಿಷರ್ ಮಕ್ಕಳಿಗಾಗಿ 'ಫಿಷರ್ ಟೆಕ್ನಿಕ್' ಎಂಬ ಜೋಡಿಸುವ ಆಟಿಕೆ ಮಾಡಿದರು. ಅದು ಈಗ ಶಾಲೆಗಳಲ್ಲಿ ಯಂತ್ರಶಾಸ್ತ್ರ ಕಲಿಸಲೂ ಬಳಕೆಯಾಗುತ್ತದೆ.

ಫಿಷರ್ ಅವರಿಂದ ಕಲಿಯಬೇಕಾದ ಇನ್ನೊಂದು ವಿಷಯ ಕಾಗದದ್ದು. ಅವರು ಮಾಡಿದ್ದನ್ನೆಲ್ಲ ಬರೆಸಿಟ್ಟರು. ನಮ್ಮ ಹಳ್ಳಿಗಳಲ್ಲಿ ಕಳೆ ತೆಗೆಯುವ, ಕಾಯಿ ಸುಲಿಯುವ ಯಂತ್ರ ಮಾಡಿದವರು ಮೊದಲು ಮಾಡುವುದು ಮೊಬೈಲಿನಲ್ಲಿ ವಿಡಿಯೋ ಹಾಕುವುದು. ಗಮನಿಸಿ: ಅರ್ಜಿ ಹಾಕುವ ಮೊದಲೇ ಎಲ್ಲರಿಗೂ ತೋರಿಸಿದರೆ 'ಇದು ಹೊಸದಲ್ಲ' ಎಂದು ಪೇಟೆಂಟ್ ಕೈತಪ್ಪಬಹುದು. ಮೊದಲು ಅರ್ಜಿ, ಆಮೇಲೆ ವಿಡಿಯೋ. ನಮ್ಮ ದೇಶದಲ್ಲಿ ಪೇಟೆಂಟ್ ಸಿಕ್ಕರೆ ಅರ್ಜಿ ಹಾಕಿದ ದಿನದಿಂದ 20 ವರ್ಷ ಹಕ್ಕು ನಿಮ್ಮದು. ಹಳ್ಳಿಯ ಆವಿಷ್ಕಾರಕರಿಗೆ ಇದರಲ್ಲಿ ನೆರವಾಗಲೆಂದೇ ಗುಜರಾತಿನಲ್ಲಿ ನ್ಯಾಷನಲ್ ಇನ್ನೊವೇಶನ್ ಫೌಂಡೇಶನ್ ಎಂಬ ಸರ್ಕಾರಿ ನೆರವಿನ ಸಂಸ್ಥೆಯಿದೆ.

2014ರಲ್ಲಿ, 94ನೇ ವಯಸ್ಸಿನಲ್ಲಿ ಫಿಷರ್ ಅವರಿಗೆ ಜೀವಮಾನದ ಸಾಧನೆಗಾಗಿ ಯುರೋಪಿನ ಆವಿಷ್ಕಾರಕ ಪ್ರಶಸ್ತಿ ಬಂತು. 2016ರ ಜನವರಿಯಲ್ಲಿ ತೀರಿಕೊಂಡರು. ಅವರ ಕಂಪನಿಯ ಮುಖ್ಯ ಕಚೇರಿ ಇವತ್ತಿಗೂ ಅವರು ಹುಟ್ಟಿದ ಊರಿನಲ್ಲೇ ಇದೆ.

ನಿಮ್ಮ ಊರಿನಲ್ಲಿ ಏನನ್ನಾದರೂ ಹೊಸದಾಗಿ ಮಾಡಿದ ಬಡಗಿ, ಕಮ್ಮಾರ, ಮೆಕ್ಯಾನಿಕ್ ಇದ್ದರೆ, ಅವರ ಒಪ್ಪಿಗೆ ಪಡೆದು ನಮಗೆ ತಿಳಿಸಿ. ನಾವು ಬಂದು ಮಾತಾಡಿಸುತ್ತೇವೆ. ಪೇಟೆಂಟ್ ಅರ್ಜಿ ಹಾಕುವುದು ಬಾಕಿ ಇದ್ದರೆ ಅದು ಮುಗಿಯುವವರೆಗೂ ಕಾಯುತ್ತೇವೆ. ಮುಂದಿನ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಅಂಕ ತೆಗೆದ ಮಕ್ಕಳ ಪಕ್ಕದಲ್ಲೇ ಅವರ ಫೋಟೋ ಹಾಕಬೇಕು ಎಂದುಕೊಂಡಿದ್ದೇವೆ.